ಅಟ್ಟದ ಕೆಳಗೆ ಮಲಗಿದ ಅಜ್ಜಿ

ಆಗೆಲ್ಲ ನಮ್ಮ ಬಿಳಿಗೆರೆಯಲ್ಲಿ ಜ್ವರ ಬಂದವರನ್ನು ಬಿಟ್ಟರೆ ಯಾರೂ ಹಗಲುಹೊತ್ತು ಮಲಗಿ ಸೂರು ನೋಡುತ್ತಿರಲಿಲ್ಲ. ಗೌರತ್ತೆ ಒಬ್ಬಳು ನೋಡುತ್ತಿದ್ದಳು. ಅವಳು ಅಪ್ಪನ ಕಿರಿಯ ತಂಗಿ. ಮಧ್ಯಾಹ್ನ ಮುಸುರೆ ತೊಳೆದಾದ ಮೇಲೆ ಅಡುಗೆಮನೆಯ ತಣ್ಣನೆ ನೆಲದಲ್ಲಿ ಅಂಗಾತ ಮಲಗಿ ಅಟ್ಟವನ್ನೇ ದಿಟ್ಟಿಸುವಳು. ನಾನೂ ಪಕ್ಕದಲ್ಲಿ ಬಿದ್ದುಕೊಳ್ಳುತ್ತಿದ್ದೆ. ಬಿದಿರ ಗಳಗಳ ಮೇಲೆ ಸಿಪ್ಪೆ ಸುಲಿಯದ ಕಾಯಿಗಳ ರಾಶಿ; ಕೊಬ್ಬರಿಯಾಗಬೇಕಾದರೆ ಅವು ಹತ್ತಿರ ಹತ್ತಿರ ವರ್ಷವೆಲ್ಲ ಅಲ್ಲೇ ಒಣಗಬೇಕು. ಒಲೆಯ ಹೊಗೆ ಗಳದ ಸಂದಿಯಲ್ಲಿ ನುಸುಳಿ ಮೇಲೆ ಹೋಗುತ್ತಿತ್ತು, ಗಾಜಿನ ಹೆಂಚಿನ ಬಿಸಿಲು ಅದೇ ಸಂದಿಯಲ್ಲಿ ಕೆಳಗಿಳಿಯುತ್ತಿತ್ತು. ನಮ್ಮ ಬಾಯಲ್ಲಿ ಕೊಬ್ಬರಿ ಚೂರು, ಬೆಲ್ಲ. ಯಾವ ಕಾಯಿ ಊರಿನ ಯಾರ ಮುಖದ ಹಾಗಿದೆ ಎಂದು ಹೇಳುವುದೇ ನಮ್ಮ ಆಟ. ಅಷ್ಟರಲ್ಲಿ ಅಜ್ಜಿ ಬಂದು, ಸೋಮಾರಿಗಳಾ ಎಂದು ಪೊರಕೆ ತೋರಿಸುತ್ತಿದ್ದಳು.

ಅಂಥ ಅತ್ತೆ ಹಟ ಹಿಡಿದು, ಅಪ್ಪನ ಒತ್ತಾಸೆಯಿಂದ, ಬೆಂಗಳೂರಿನ ಒಂದು ಚಿತ್ರಕಲಾ ಶಾಲೆ ಸೇರಿಬಿಟ್ಟಳು. ಮನೆ ಬಿಕೋ ಎನ್ನತೊಡಗಿತು. ಮರುವರ್ಷ ಅಜ್ಜಿ ತುರುವೇಕೆರೆ ಕಡೆಯ ಗಂಡೊಂದನ್ನು ನೋಡಿ, ಹುಡುಗಿಯನ್ನು ಕರೆತರುತ್ತೇನೆಂದು ಮಾತು ಕೊಟ್ಟಳು. ಅತ್ತೆ ಒಲ್ಲೆ ಎಂದಿದ್ದಕ್ಕೆ ತಾನೇ ಹೊರಟಳು. ನನ್ನನ್ನು ಕಟ್ಟಿಕೊಂಡು ಹೋದದ್ದರಲ್ಲಿ ಅವಳ ಉಪಾಯವಿತ್ತು: ಮಗು ಕರೆದರೆ ಮನಸ್ಸು ಕರಗೀತು. ನನಗೂ ಅತ್ತೆ ಬೇಕಾಗಿದ್ದಳು. ಮದುವೆಯಾದರೂ ತುರುವೇಕೆರೆ ಎಷ್ಟು ಮಹಾ ದೂರ ಎಂಬುದು ನನ್ನ ಲೆಕ್ಕಾಚಾರ.

ತಿಪಟೂರಿನಲ್ಲಿ ರೈಲು ಹತ್ತಿದೆವು. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಬುತ್ತಿ ಗುಬ್ಬಿ ಬರುವ ಮೊದಲೇ ಖಾಲಿಯಾಯಿತು. ಕಿಟಕಿಯಾಚೆ ತೆಂಗಿನ ತೋಟಗಳು ಕಮ್ಮಿಯಾಗುತ್ತ ಬಂದವು. ಅತ್ತೆಯನ್ನು ಹೇಗೆ ಕರೆಯಬೇಕೆಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ನಿದ್ದೆ ಹೋದೆ.

ಶಾಲೆಯಲ್ಲಿ ಅಂದು ವಿದ್ಯಾರ್ಥಿಗಳ ಪ್ರದರ್ಶನ. ಗೌರಿ ಒಳಗೆಲ್ಲೋ ಇದ್ದಾಳೆ, ನೋಡಿ ಎಂದರು. ಹುಡುಕುತ್ತ ಹೋದೆವು. ತಗಡಿನ ಹಕ್ಕಿ, ಕಣ್ಣಿಲ್ಲದ ಮುಖ, ಬರೀ ಕೆಂಪು ಬಳಿದ ದೊಡ್ಡ ಬಟ್ಟೆ. ನನಗೆ ಕನಸಿನೊಳಗೆ ಹೊಕ್ಕ ಹಾಗಿತ್ತು. ಅಜ್ಜಿ ಮಾತ್ರ ಒಂದೊಂದಕ್ಕೂ ನಿಟ್ಟುಸಿರು ಬಿಟ್ಟಳು. ಕೊನೆಯ ಕೋಣೆ ಕತ್ತಲಾಗಿತ್ತು. ಅದರೊಳಗೆ ಎದೆಯೆತ್ತರಕ್ಕೆ ಕಟ್ಟಿದ ಬಿದಿರಿನ ಅಟ್ಟ. ಅದರ ಮೇಲೆ ನಮ್ಮ ಮನೆಯ ಕಾಯಿಗಳೇ, ಹಾಸ್ಟೆಲಿನ ಅಡುಗೆಗೆ ಎಂದು ಅಜ್ಜಿಗೆ ಸುಳ್ಳು ಹೇಳಿ ಅಪ್ಪ ಕಳಿಸಿದ್ದ ಮೂಟೆಯವು. ಮೇಲೆ ಮಂಕು ದೀಪ, ಕೆಳಗೆ ಚಾಪೆ. ಪೇಟೆಯ ಜನ ಅದರ ಮೇಲೆ ಮಲಗಿ, ಒಂದಿಷ್ಟು ನೋಡಿ, ಎದ್ದುಹೋಗುತ್ತಿದ್ದರು.

ಅಟ್ಟ ಕಂಡ ಮೇಲೆ ಕಾಯಿ ಅಲ್ಲಾಡಿಸದೆ ಬರುವವಳೇ ಅಜ್ಜಿ? ಒಳಗೆ ನೀರಿದ್ದರೆ ಗುಳುಗುಳು ಎನ್ನುತ್ತದೆ, ನೀರಿಂಗಿ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೊಂದನ್ನೇ ಕಿವಿಗೆ ಹಿಡಿದು, ಆದದ್ದು ಈ ಕಡೆ, ಆಗದ್ದು ಆ ಕಡೆ ಎಂದು ವಿಂಗಡಿಸತೊಡಗಿದಳು. ಇದೂ ಕಲೆಯೇ ಇರಬೇಕೆಂದು ಜನ ಗೋಡೆಗೆ ಸರಿದು ಭಕ್ತಿಯಿಂದ ನಿಂತರು.

ಸದ್ದು ಕೇಳಿ ಓಡಿಬಂದ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟಳು. ಅವಳನ್ನು ಕಂಡು ಅಜ್ಜಿ ಗೆದ್ದವಳ ಹಾಗೆ ನಕ್ಕಳು. "ಮನೆ ಮ್ಯಾಲೆ ಇಷ್ಟು ಆಸೆ ಇದ್ದೋಳು ಇಲ್ಯಾಕೆ ಅಟ್ಟ ಕಟ್ಕೊಂಡು ಕೂತಿದ್ದೀಯೇ? ನಡಿ, ಅಲ್ಲಿ ನಿಜವಾದ್ದೇ ಐತೆ."

"ಅಲ್ಲಿ ನೋಡಕ್ಕೆ ಎಲ್ಲವ್ವ ಬುಟ್ಟೆ ನೀನು?" ಎಂದಳು ಅತ್ತೆ.

ನಾನು ಓಡಿಹೋಗಿ ಅವಳ ಕೈ ಹಿಡಿದು, ಮನೆಗೆ ಬಾ ಅತ್ತೆ ಎಂದೆ. ಅವಳು ನನ್ನ ತಲೆ ನೇವರಿಸಿದಳು, ಬರುತ್ತೇನೆ ಎನ್ನಲಿಲ್ಲ.

ಅಜ್ಜಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. ಅವಳಿಗೆ ಏನನ್ನಿಸಿತೋ, ಮಂಡಿ ನೀವಿಕೊಳ್ಳುತ್ತ ಚಾಪೆಯ ಮೇಲೆ ಕೂತು, ಮೆಲ್ಲಗೆ ಅಂಗಾತ ಮಲಗಿದಳು. ನಾವಿಬ್ಬರೂ ಅವಳ ಆಚೀಚೆ ಮಲಗಿದೆವು. ಅವಳೇ ಕಾಯಿ ತೆಗೆದಿದ್ದ ಜಾಗದಿಂದ ಬೆಳಕು ಅವಳ ಮುಖದ ಮೇಲೆ ಬೀಳುತ್ತಿತ್ತು, ಅದರಲ್ಲಿ ದೂಳು ತೇಲುತ್ತಿತ್ತು. ಕಾಯಿಗಳ ಹಳೆಯ ಮಟ್ಟೆಯ ಹೊಗೆವಾಸನೆ ಬರುತ್ತಿತ್ತು. ಎಲ್ಲಿದ್ದೇವೆಂಬುದೇ ನನಗೆ ಮರೆತುಹೋಯಿತು. ಮೂವರೂ ಹೀಗೇ ಇದ್ದುಬಿಡಲಿ, ಅಜ್ಜಿ ಏಳದಿರಲಿ ಎಂದು ಬೇಡಿಕೊಂಡೆ.

"ಆಯುಸ್ಸೆಲ್ಲ ಅಟ್ಟಕ್ಕೆ ಕಾಯಿ ತುಂಬ್ದೆ," ಎಂದಳು ಅಜ್ಜಿ. "ಒಂದ್ ದಿನಾನೂ ಕೆಳಗೆ ಮಲಗಿ ನೋಡಿರ್ಲಿಲ್ಲ ಕಣೇ ಗೌರಿ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನೀನು ಇಲ್ಲೇ ಇರು. ಗಂಡಿನ ಕಡೇರಿಗೆ ನಾನೇ ಹೇಳ್ಕೊಂತೀನಿ" ಎಂದಳು.

ಅತ್ತೆ ಅವಳನ್ನು ತಬ್ಬಿಕೊಂಡು ಅತ್ತಳು. ನನಗೂ ಅಳು ಬಂತು, ಆದರೆ ನನ್ನದು ಸಂತೋಷದ ಅಳುವಲ್ಲ.

ಗೌರತ್ತೆ ಆಮೇಲೆ ಎಷ್ಟೋ ಊರು ಕಂಡಳು, ಬಿಳಿಗೆರೆಗೆ ನೆಂಟಳಾಗಿ ಬಂದು ಹೋದಳು. ಅಜ್ಜಿ ತೀರಿಕೊಂಡಳು. ಅಡುಗೆಮನೆಗೆ ತಾರಸಿ ಬಂತು, ಕಾಯಿಗಳೆಲ್ಲ ತೋಟದ ಶೆಡ್ಡಿಗೆ ಹೋದವು. ಪ್ರವಾಸ ಹೋದಲ್ಲೆಲ್ಲ ನಾನು ಕಲಾಪ್ರದರ್ಶನಗಳಿಗೆ ನುಗ್ಗುತ್ತೇನೆ, ತಲೆಬುಡ ತಿಳಿಯದ್ದರ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತೇನೆ. ನೋಡಿ ಮನಸ್ಸು ಬದಲಾಯಿಸಿಕೊಂಡ ಇನ್ನೊಬ್ಬರನ್ನು ನಾನು ಇದುವರೆಗೂ ಕಂಡಿಲ್ಲ.

ಆ ಸಂಜೆ ವಾಪಸು ಬರುವಾಗ ನಾನು ಅಜ್ಜಿಯ ಜೊತೆ ಮಾತು ಬಿಟ್ಟಿದ್ದೆ. ತುಮಕೂರು ದಾಟಿದ ಮೇಲೆ ಅವಳೇ ಕೇಳಿದಳು: "ಅತ್ತೇನ ಬುಟ್ಟು ಬಂದೆ ಅಂತ ಸಿಟ್ಟಾ ಮಗ?"

ಹೂಂ ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು. "ನಂಗೂ ಅಂಗೇ ಆಗೈತೆ," ಎಂದಳು.