ಎಡಗಡೆಯ ಜಡೆ

ಹೋದ ಭಾನುವಾರ ಬೆಳಿಗ್ಗೆ ನಡುಮನೆಯಿಂದ ಹರಳೆಣ್ಣೆಯ ವಾಸನೆ ಬಂತು. ಹೋಗಿ ನೋಡಿದರೆ ಮೊಮ್ಮಗಳು ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು, ಅದರಲ್ಲಿ ಯಾರೋ ಹುಡುಗಿ ತೋರಿಸಿದಂತೆ ತನಗೆ ತಾನೇ ಎರಡು ಜಡೆ ಹೆಣೆದುಕೊಳ್ಳುತ್ತಿದ್ದಳು. ಹಣೆಯ ಹತ್ತಿರವೇ ಶುರುಮಾಡಿ, ಪ್ರತಿ ಸುತ್ತಿಗೂ ಪಕ್ಕದ ಕೂದಲನ್ನು ಸ್ವಲ್ಪ ಸ್ವಲ್ಪ ಸೇರಿಸಿಕೊಂಡು ತಲೆಗೆ ಕಚ್ಚಿದಂತೆ ಇಳಿಯುವ ಜಡೆ. ಅದಕ್ಕೆ ಫ್ರೆಂಚ್ ಜಡೆ ಎನ್ನುತ್ತಾರಂತೆ. ಇಷ್ಟು ವರ್ಷ ನನಗೆ ಆ ಹೆಸರು ಗೊತ್ತಿರಲಿಲ್ಲ.

"ಎಡಗಡೇದು ಬರ್ತಾನೇ ಇಲ್ಲ ಅಜ್ಜಿ" ಎಂದಳು. ಹಿಂದೆ ಕೂತು ಹೆಣೆದುಕೊಟ್ಟೆ. "ನಿಂಗ್ಯಾರು ಹೇಳ್ಕೊಟ್ರು?" ಎಂದು ಕೇಳಿದಳು. ಅಡುಗೆ ಅಕ್ಕ ಎಂದೆ. ಮುಂದಿನದು ಒಂದೇ ಉಸಿರಿಗೆ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಮೊಮ್ಮಕ್ಕಳಾದ ನಿಮಗೆಲ್ಲ ಬರೆದಿಡೋಣ ಅಂತ ಕೂತಿದ್ದೇನೆ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮ ಅಮ್ಮ ಮೂರನೇ ಕ್ಲಾಸು. ಆಗ ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಹೊಸತು. ಗುಂಡ್ಲುಪೇಟೆ ಹತ್ತಿರದ ಬೇಗೂರಿನ ಕಡೆ ಬಸ್ಸು ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗೆ ನಮ್ಮ ಊರು. ಅಲ್ಲಿನ ಶಾಲೆಯಲ್ಲಿ ನನಗೆ ಅಡುಗೆ ಸಹಾಯಕಿಯ ಕೆಲಸ ಸಿಕ್ಕಿತು. ನಮ್ಮ ಮನೆಗೆ ಬೇರೆ ಸಂಪಾದನೆ ಇರಲಿಲ್ಲ. ಮುಖ್ಯ ಅಡುಗೆಯವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಒಂಟಿ ಹೆಂಗಸು. ಎಲ್ಲರಿಗೂ ಅವರು ಅಡುಗೆ ಅಕ್ಕ. ನರೆತ ತಲೆಗೆ ಯಾವಾಗಲೂ ಒಂದು ಬಟ್ಟೆ ಬಿಗಿದು ಕಟ್ಟಿರುತ್ತಿದ್ದರು.

ತಾತ ತೀರಿಕೊಂಡ ವರ್ಷವೇ ನನಗೆ ಜ್ವರ ಬಂದು ಕೂದಲು ಹಿಡಿಹಿಡಿಯಾಗಿ ಉದುರಿತ್ತು. ಆಮೇಲೆ ಹುಟ್ಟಿದ್ದು ಗೇಣುದ್ದ. ಗಂಟು ಹಾಕಿದರೂ ಹಣೆ, ಕಿವಿ, ಕತ್ತಿನ ಸುತ್ತ ಜಾರಿ ಬರುತ್ತಿತ್ತು. ಒಂದು ದಿನ ಒಂದು ಮಗುವಿನ ತಟ್ಟೆಯಲ್ಲಿ ಕೂದಲು ಸಿಕ್ಕಿತು. ಹೆಡ್‌ಮಾಸ್ಟರು ನಮ್ಮಿಬ್ಬರನ್ನೂ ಕರೆದು, "ಇನ್ನೊಂದು ಸಲ ಸಿಕ್ಕಿದರೆ ಯಾರದು ಅಂತ ನೋಡಿ ಅವರನ್ನ ಕೆಲಸದಿಂದ ಬಿಡಿಸಬೇಕಾಗುತ್ತೆ" ಎಂದರು. ನಾನು ನೆಲ ನೋಡುತ್ತಾ ನಿಂತಿದ್ದೆ.

ಅವತ್ತು ಪಾತ್ರೆ ತೊಳೆದಾದ ಮೇಲೆ ಅಕ್ಕ ನನ್ನನ್ನು ಅಡುಗೆಮನೆಯ ಹಿಂದಿನ ಕಲ್ಲಿನ ಮೇಲೆ ಕೂರಿಸಿದರು.

"ಈ ಚೋಟುದ್ದ ಕೂದ್ಲು ಗಂಟಲ್ಲಿ ನಿಲ್ತದಾ ಕಣಮ್ಮಿ? ನಾನು ಗುಂಡ್ಲುಪೇಟೆ ಆಸ್ಪತ್ರೇಲಿ ಆಯಾ ಆಗಿದ್ನಲ್ಲ, ಅಲ್ಲಿ ಕೇರಳದ ನರ್ಸಮ್ಮ ಒಬ್ರು ಒಂಥರಾ ಎರಡು ಜಡೆ ಆಕ್ಕತಿದ್ರು. ಒಂದೆಳೆ ಆಚ್ಗೆ ಬರ್ತಿರ್ನಿಲ್ಲ."

"ಎರಡು ಜಡೆನಾ ಅಕ್ಕ? ನೋಡ್ದೋರು ಏನಂತಾರೆ?"

"ನೋಡ್ದೋರು ಬಂದು ನಿನ್ ಮಗ್ಳಿಗೆ ರಾಗಿ ಇಟ್ಟು ಇಕ್ಕಾರಾ? ಒಂದೇ ಜಡೆ ಆದ್ರೆ ಕಿವಿ ಹಿಂದ್ಲುದು ಜಾರ್ತದೆ. ಎರಡು ಆಕ್ಕೊಂಡು, ಹಿಂದಕ್ ಸುತ್ತಿ ಪಿನ್ನು ಚುಚ್ಕೊ. ಮೇಲೆ ಸೆರಗು ಒದ್ಕೊ."

ಅಂಗೈಗೆ ಹರಳೆಣ್ಣೆ ಸವರಿಕೊಂಡು ಅವರೇ ಒಮ್ಮೆ ಹಾಕಿದರು. ನೋಡಿಕೊಂಡೆಯಾ ಎಂದು ಕೇಳಿ ಪೂರಾ ಬಿಚ್ಚಿಬಿಟ್ಟರು. ನನ್ನ ತಲೆಯ ಹಿಂದೆ ಆಗಿದ್ದನ್ನು ನಾನು ಹೇಗೆ ನೋಡಲಿ? ಕೇಳಲು ನಾಚಿಕೆಯಾಗಿ ತಲೆಯಾಡಿಸಿದ್ದೆ. ಕನ್ನಡಿ ನೋಡಿ ಹಾಕಿಕೊಳ್ಳಲು ಹೋದರೆ ಕೈ ಅತ್ತ ಹೋಗಬೇಕಾದದ್ದು ಇತ್ತ ಹೋಗುತ್ತಿತ್ತು. ಜಡೆಯ ಮೂರು ಕಾಲುಗಳಲ್ಲಿ ಯಾವುದು ನಡುವಿನದು, ಯಾವುದಕ್ಕೆ ಹೊಸ ಕೂದಲು ಸೇರಿಸಬೇಕು, ಎಲ್ಲ ಕಲಸಿಹೋಗುತ್ತಿತ್ತು. "ಕನ್ನಡಿ ಅತ್ಲಾಗ್ ಮಡಗು. ಕಣ್ ಮುಚ್ಕೊ. ಕೈಗೇ ಗೊತ್ತಾಯ್ತದೆ" ಎಂದರು. ಕಣ್ಣು ಮುಚ್ಚಿಕೊಂಡು ಹೆಣೆಯತೊಡಗಿದ ಮೇಲೆ ಬಲಗಡೆಯದು ನಾಲ್ಕೈದು ದಿನದಲ್ಲಿ ಬಂತು. ಎಡಗಡೆಯದು ಮಾತ್ರ ಕಿವಿಯ ತನಕ ಬಿಗಿಯಾಗಿ ಬಂದು, ಕತ್ತಿನ ಹತ್ತಿರ ಸಡಿಲವಾಗಿಬಿಡುತ್ತಿತ್ತು.

ಎರಡೂ ಜಡೆ ಹಾಕಿಕೊಂಡು ಹೋದ ಮೊದಲ ದಿನ ಪಿನ್ನು ಜಾರಿ, ಸೆರಗಿನ ಕೆಳಗೆ ಅವು ಇಳಿಬಿದ್ದವು. "ಅಡ್ಗೆ ಆಂಟಿ ಒಂದ್ನೇ ಕ್ಲಾಸ್ಗೆ ಸೇರ್ಕಂಡವ್ರೆ ಕಣ್ರೋ" ಎಂದು ಒಬ್ಬ ಹುಡುಗ ಕೂಗಿದ, ಮಕ್ಕಳೆಲ್ಲ ನಕ್ಕರು. ನಿಮ್ಮ ಅಮ್ಮನೂ ಆ ಸಾಲಿನಲ್ಲಿ ಕೂತಿದ್ದಳು. ಅವಳು ನಗಲಿಲ್ಲ, ತಟ್ಟೆ ನೋಡುತ್ತಿದ್ದಳು. "ಊ ಕಣ್ಲಾ, ನಿನ್ ಪಕ್ಕದಲ್ಲೇ ಕೂತ್ಕತಾಳೆ, ಒಸಿ ಜಾಗ ಬುಡು" ಎಂದು ಅಕ್ಕ ಆ ಹುಡುಗನಿಗೆ ಇನ್ನೊಂದು ಸೌಟು ಸಾರು ಹಾಕಿದರು.

ಅದಾಗಿ ಎಷ್ಟು ದಿನವಾಗಿತ್ತೋ... ಒಂದು ವಾರವೋ, ಹತ್ತು ದಿನವೋ. ಮತ್ತೆ ಸಾರಿನಲ್ಲಿ ಕೂದಲು ಸಿಕ್ಕಿತು. ಅವತ್ತು ಶಾಲಾ ಸಮಿತಿಯ ಇಬ್ಬರು ಅಲ್ಲೇ ಇದ್ದರು. ತಟ್ಟೆಯ ಅಂಚಿಗೆ ಅದನ್ನು ಎಳೆದಿಟ್ಟಿದ್ದರು. ಅರಿಶಿನ, ಎಣ್ಣೆ ಮೆತ್ತಿಕೊಂಡಿತ್ತು. ಕಪ್ಪೋ ಬಿಳುಪೋ ನನಗೆ ತಿಳಿಯಲಿಲ್ಲ. ಸರಿಯಾಗಿ ನೋಡುವ ಧೈರ್ಯವೂ ಇರಲಿಲ್ಲ ಅನ್ನಿ. ಅವತ್ತು ಬೆಳಿಗ್ಗೆ ನನ್ನ ಎಡಗಡೆಯ ಜಡೆ ಸಡಿಲವಾಗಿ, ತರಕಾರಿ ಹೆಚ್ಚುವ ಕಡೆಯೇ ಕೂತು ಅದನ್ನು ಬಿಚ್ಚಿ ಹಾಕಿಕೊಂಡಿದ್ದೆ. ಹಾಗೆ ಮಾಡಬಾರದು ಎಂದು ಗೊತ್ತಿದ್ದೂ ಮಾಡಿದ್ದೆ. ಆದರೆ ಅಕ್ಕನೂ ಅವತ್ತು ಸೆಕೆಗೆ ತಲೆಯ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡಿದ್ದರು. ಅದನ್ನೂ ನಾನು ಕಂಡಿದ್ದೆ.

"ಯಾರದಮ್ಮ ಇದು?" ಎಂದು ಹೆಡ್‌ಮಾಸ್ಟರು ಕೇಳಿದರು.

"ನಂದೇ ಸಾ" ಎಂದರು ಅಕ್ಕ.

ನನ್ನ ಕೈಯಲ್ಲಿ ಸೌಟು ಇತ್ತು. ಹಾಗೇ ಹಿಡಿದು ನಿಂತಿದ್ದೆ.

ಮಾರನೆಯ ದಿನದಿಂದ ಅವರು ಬರಲಿಲ್ಲ. ಆ ವಾರವೇ ಬಟ್ಟೆಯ ಗಂಟು ಹಿಡಿದು ಬಸ್ಸಿಗೆ ಹೊರಟಾಗ ರಸ್ತೆಯ ತನಕ ಜೊತೆಗೆ ಹೋದೆ. ಎರಡು ಮೈಲಿ ನಡೆದರೂ ಕೇಳಬೇಕಾದ್ದನ್ನು ಕೇಳಲು ಆಗಲಿಲ್ಲ. "ಚಾಮರಾಜನಗರದಲ್ಲಿ ಕೆಲ್ಸ ಗೊತ್ತಾಗ್ಯದೆ ಕಣಮ್ಮಿ, ಅಳಬ್ಯಾಡ. ಎಡಗಡೇದ ಇನ್ನೊಸಿ ಬಿಗಿಯಾಗಿ ಆಕ್ಕೊ" ಎಂದರು. ಆ ಮಾತಿನ ಅರ್ಥವೇನು? ಕೂದಲು ನನ್ನದೇ ಎಂದು ಅವರಿಗೆ ಗೊತ್ತಿತ್ತೇ? ಇಲ್ಲ, ಕಲಿಸಿದವರು ಹೇಳುವ ಬುದ್ಧಿಮಾತು ಅಷ್ಟೆಯೇ? ಆವತ್ತಿನಿಂದ ಇವತ್ತಿನವರೆಗೂ ತಿರುಗಿಸಿ ತಿರುಗಿಸಿ ನೋಡಿದ್ದೇನೆ, ತಿಳಿದಿಲ್ಲ. ಅವರ ಜಾಗಕ್ಕೆ ನನ್ನನ್ನೇ ಮುಖ್ಯ ಅಡುಗೆಯವಳನ್ನಾಗಿ ಮಾಡಿದರು. ಆ ಸಂಬಳದಲ್ಲಿ ನಿಮ್ಮ ಅಮ್ಮ ಓದಿದಳು.

ಎಷ್ಟೋ ವರ್ಷದ ಮೇಲೆ ಪಿಂಚಣಿಯ ಕಾಗದಕ್ಕೆ ಚಾಮರಾಜನಗರಕ್ಕೆ ಹೋದಾಗ ಊರಿನವರೊಬ್ಬರು ಹೇಳಿದ್ದ ಗುರುತು ಹಿಡಿದು ಅಕ್ಕನ ಬೀದಿ ಹುಡುಕಿಕೊಂಡು ಹೋದೆ. ಪಕ್ಕದ ಮನೆಯಾಕೆ ಹೇಳಿದರು. "ಅವ್ರಾ? ತೀರ್ಕಂಡು ಎರಡು ವರ್ಸ ಆಯ್ತು ಕಣಮ್ಮ. ಬಂದ ಹೊಸ್ದರಲ್ಲಿ ಕೆಲ್ಸ ಉಡುಕ್ಕೊಂಡು ಬಾಳ ಅಲೆದ್ರು. ಆಮೇಲೆ ಮದ್ವೆ ಮನೆ ಅಡ್ಗೆಗೆ ಓಯ್ತಿದ್ರು."

ಹಾಗಾದರೆ ಕೆಲಸ ಗೊತ್ತಾಗಿದೆ ಎಂದದ್ದು ಸುಳ್ಳು. ಅದು ಸುಳ್ಳಾದರೆ 'ನಂದೇ ಸಾ' ಎಂದದ್ದು... ಗೊತ್ತಿಲ್ಲ ಮಕ್ಕಳೇ. ನಿಜವಾಗಿ ಅವರದೇ ಕೂದಲು ಆಗಿದ್ದಿರಬಹುದು. ಹಾಗೆ ಅಂದುಕೊಂಡ ದಿನ ಸ್ವಲ್ಪ ನಿದ್ದೆ ಬರುತ್ತದೆ. ಮಾರನೆಯ ದಿನ ಮತ್ತೆ ಹಾಗನ್ನಿಸುವುದಿಲ್ಲ.

ಈಗ ಮೊಮ್ಮಗಳು ಪಕ್ಕದಲ್ಲಿ ಕೂತು ನಾನು ಬರೆದದ್ದನ್ನು ಓದುತ್ತಿದ್ದಾಳೆ. "ನೀನ್ಯಾಕೆ ಅವತ್ತು ನಂದಿರಬೋದು ಅಂತ ಹೇಳ್ಲಿಲ್ಲ ಅಜ್ಜಿ?" ಎಂದು ಕೇಳಿದಳು. ಹೆದರಿಕೊಂಡಿದ್ದೆ ಎಂದೆ. ನನ್ನ ಬಾಯಿಂದ ಆ ಮಾತು ಕೇಳಿಸಿಕೊಳ್ಳಬೇಕಾಗಿದ್ದ ಅಕ್ಕ ಈಗ ಇಲ್ಲ.