ಫ್ರೆಮಾ ಆಂಟಿಯ ಐಸ್ ಡಬ್ಬಿಯಲ್ಲಿ ಇಟ್ಟದ್ದು

ಕುಮಾಸಿ ಪಟ್ಟಣದ ಔಷಧದಂಗಡಿಯೊಂದರಲ್ಲಿ ವರ್ಷಗಟ್ಟಲೆ ಸಂಬಳಕ್ಕಿದ್ದ ಬ್ರೆನ್ಯಾನನ್ನು ಬೀದಿಯವರೆಲ್ಲ ‘ಡಾಕ್ಟರೇ’ ಎಂದೇ ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ. ಆ ಓಗೊಡುವ ಚಟವೇ ಅವನನ್ನು ಕೆಲಸ ಬಿಡಿಸಿ ಫಾರ್ಮಸಿ ಕಾಲೇಜಿಗೆ ತಂದು ಕೂರಿಸಿತು. ಮಾತ್ರೆ ಮಾರಿದವನಿಗೆ ಮಾತ್ರೆ ಓದುವುದೇನು ಮಹಾ!

ಮೊದಲ ವಾರದಲ್ಲೇ ಲೆಕ್ಕ ತಪ್ಪಿತು. ಒಂದು ಪಾಠ ಓದಿ ತಲೆಯೆತ್ತುವಷ್ಟರಲ್ಲಿ ಮೂರು ಪಾಠ ದಾಟಿಹೋಗಿರುತ್ತಿದ್ದವು. ಮೊದಲ ಪರೀಕ್ಷೆಯ ಅಂಕವನ್ನು ಅವನು ಯಾರಿಗೂ ಹೇಳಲಿಲ್ಲ. ಗೋಡೆಗೆ ಅಂಟಿಸಿದ್ದರಿಂದ ಹೇಳುವ ಅಗತ್ಯವೂ ಬೀಳಲಿಲ್ಲ.

ಉಳಿದದ್ದು ಪ್ರಯೋಗ ಪರೀಕ್ಷೆ. ಅದರಲ್ಲೂ ಬಿದ್ದರೆ ವರ್ಷ ಪೂರ್ತಿ ಮತ್ತೆ ಮೊದಲಿನಿಂದ. ಕೋಕೋ ಬೆಣ್ಣೆ ಕರಗಿಸಿ, ಜ್ವರದ ಮದ್ದು ಬೆರೆಸಿ, ಅಚ್ಚಿಗೆ ಹೊಯ್ದು ಗುಳಿಗೆ ಮಾಡಬೇಕು. ನುಂಗುವ ಗುಳಿಗೆಯಲ್ಲ, ಹಿಂದಿನ ದ್ವಾರದಿಂದ ಒಳಗಿಡುವಂಥದ್ದು. ಮೈಶಾಖಕ್ಕೆ ಕರಗಬೇಕು, ಅದಕ್ಕೆ ಮೊದಲು ಕರಗಕೂಡದು. ಬ್ರೆನ್ಯಾ ಆರು ಮಾಡಿದ. ನುಣ್ಣಗೆ, ಬೆಳ್ಳಗೆ, ಚಾಕಲೇಟಿನ ಘಮ. ಆಗ ಕರೆಂಟು ಹೋಯಿತು, ಫ್ರಿಜ್ ಮಲಗಿತು. ಬೋಟ್ವೆ ಮೇಷ್ಟ್ರು ನೋಡಲು ಬರುವುದು ಊಟದ ಮೇಲೆ.

“ಲೋ ಡಾಕ್ಟರೇ, ನಿನ್ನ ಗುಳಿಗೆ ಬೆವರ್ತಾ ಇವೆ,” ಎಂದಳು ಪಕ್ಕದ ಮೇಜಿನ ಸೆರ್ವಾ. “ಗೇಟಲ್ಲಿ ಫ್ರೆಮಾ ಆಂಟಿ ಹತ್ರ ಐಸ್ ಇದೆಯಲ್ಲ, ಓಡು!”

“ಇನ್ನೂ ಮದ್ದಿನ ಚೀಟಿ ಅಂಟಿಸಿಲ್ವಲ್ಲೇ.”

“ಕರಗಿದ್ಮೇಲೆ ಯಾವುದಕ್ಕೆ ಅಂಟಿಸ್ತೀಯ?”

ಫ್ರೆಮಾ ಆಂಟಿ ಕೆಂಕಿ ಎಂಬ ಮೆಕ್ಕೆಜೋಳದ ಮುದ್ದೆಯನ್ನು ಹಾಲು, ಐಸಿನಲ್ಲಿ ಕಲಸಿ ಮಾರುವವಳು. ಬ್ರೆನ್ಯಾ ಆರೂ ಗುಳಿಗೆಗಳನ್ನು ಅವಳ ಐಸ್ ಡಬ್ಬಿಯಲ್ಲಿಟ್ಟ. “ಏನಪ್ಪಾ ಇದು, ಟಾಫಿನಾ?” ಎಂದಳು.

ಮುಂದಿನ ಕೆಮಿಸ್ಟ್ರಿ ತರಗತಿಯ ಬಾಗಿಲು ಮುಚ್ಚುವ ಹೊತ್ತು. “ಹಾಂ, ಹಂಗೇ ಅಂದ್ಕೋ ಆಂಟಿ,” ಎಂದವನೇ ಓಡಿದ.

ಊಟದ ಹೊತ್ತು ಕಳೆದು ಬಂದು ನೋಡಿದರೆ ಐದೇ ಇದ್ದವು.

“ಆಂಟಿ, ಇನ್ನೊಂದೆಲ್ಲಿ?”

“ನಿಮ್ಮ ಬೋಟ್ವೆ ಮೇಷ್ಟ್ರು ಕೆಂಕಿ ತಗೊಂಡ್ರಪ್ಪ. ಪಾಪ, ಬಿಸಿಲಲ್ಲಿ ಬಂದಿದ್ರು, ಕೊಸರು ಅಂತ ಒಂದು ಕೊಟ್ಟೆ. ಒಂದಕ್ಕೆ ಯಾಕೆ ಮುಖ ಹಂಗ್ ಮಾಡ್ತೀಯ?”

ಬ್ರೆನ್ಯಾ ಉಳಿದ ಐದನ್ನೂ ಬಾಚಿ ಎತ್ತಿಕೊಂಡ. “ತಿಂದ್ರಾ?”

“ಬಾಯಿಗೆ ಹಾಕ್ಕೊಂಡ್ರು. ಆಮೇಲೆ ಯಾಕೋ ಸುಮ್ನೆ ನಿಂತ್ಬಿಟ್ರು.”

ಐದು ಗುಳಿಗೆ ಹಿಡಿದು ಅವನು ಪ್ರಯೋಗಶಾಲೆಗೆ ಬಂದ. ಡಾಕ್ಟರ್ ಬೋಟ್ವೆ ಅವನ ಮೇಜಿನ ಬಳಿಯೇ ನಿಂತು ಕರವಸ್ತ್ರದಿಂದ ತುಟಿ ಒರೆಸಿಕೊಳ್ಳುತ್ತಿದ್ದರು. ಅವನ ಕೈಯಿಂದ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

“ಇವು ನಿನ್ನವೇನಯ್ಯಾ?”

“ಹೌದು ಸರ್.”

“ಬಾಯಲ್ಲಿಟ್ಟ ಕೂಡ್ಲೇ ಕರಗ್ತು. ತರಿ ಇಲ್ಲ, ಗುಳ್ಳೆ ಇಲ್ಲ. ಮದ್ದು ಚೆನ್ನಾಗಿ ಬೆರೆತಿದೆ, ಕಹಿ ಇನ್ನೂ ಹೋಗಿಲ್ಲ.” ಸೆರ್ವಾ ಮೇಜಿನ ಕೆಳಗೆ ಏನೋ ಬೀಳಿಸಿಕೊಂಡವಳಂತೆ ಬಗ್ಗಿಬಿಟ್ಟಳು. “ಗುಳಿಗೆಗೆ ಪೂರ್ತಿ ಅಂಕ. ಚೀಟಿಗೆ ಸೊನ್ನೆ. ‘ಬಾಯಿಗಲ್ಲ’ ಅಂತ ಒಂದೇ ಒಂದು ಮಾತು ಬರೆದಿದ್ರೆ, ನಾನು ಇವತ್ತು ನೆಮ್ಮದಿಯಾಗಿ ಊಟ ಮಾಡ್ತಿದ್ದೆ.”

ಎರಡೂ ಕೂಡಿ ಪಾಸಿನ ಗೆರೆಯನ್ನು ತುದಿಬೆರಳಲ್ಲಿ ಮುಟ್ಟಿದಂತಾಯಿತು.

ಸಂಜೆ ಗೇಟಿನಲ್ಲಿ ಫ್ರೆಮಾ ಆಂಟಿ “ಡಾಕ್ಟರೇ!” ಎಂದು ಕೂಗಿದಳು. ಬ್ರೆನ್ಯಾ ಓಗೊಡಲಿಲ್ಲ, ಬೋಟ್ವೆ ಬಂದರೇನೋ ಎಂದು ಬೆಚ್ಚಿ ಹಿಂದಕ್ಕೆ ತಿರುಗಿ ನೋಡಿದ.