ಬೀಗರ ಮನೆಯಲ್ಲಿ ಇಂಕ್ ಪೆನ್ನು

ನನಗೆ ಇಂಕ್ ಪೆನ್ನಿನ ಹುಚ್ಚಿದೆ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಹುಚ್ಚಿದೆ ಎಂದಷ್ಟೇ ಹೇಳುತ್ತಾರೆ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನನ್ನ ಕೆಲಸ. ಅಲ್ಲಿ ಎಲ್ಲವೂ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಗೇಟ್ ಪಾಸ್ ಒಂದನ್ನು ಬಿಟ್ಟು. ಆ ಗೇಟ್ ಪಾಸೇ ನನ್ನ ಸಾಮ್ರಾಜ್ಯ. ಒಂದು ದಿನ ನೇರಳೆ, ಒಂದು ದಿನ ಪಾಚಿ ಹಸಿರು, ಮನಸ್ಸು ಕೆಟ್ಟಿದ್ದರೆ ಬೂದಿ ಬಣ್ಣ. ಒಮ್ಮೆ ಇಟ್ಟಿಗೆ ಬಣ್ಣದ ಶಾಯಿಯಲ್ಲಿ ಬರೆದ ಪಾಸನ್ನು ಗೇಟಿನವರು ಮೂಸಿ ನೋಡಿ ಲಾರಿಯನ್ನೇ ನಿಲ್ಲಿಸಿಬಿಟ್ಟರು. ಓಡಿ ಹೋಗಿ, ಬಣ್ಣ ಚೆನ್ನಾಗಿಲ್ಲವೇ ಎಂದು ಕೇಳಿದೆ. "ಚೆನ್ನಾಗೈತ್ರಿ ಮೇಡಂ, ಅದಕ್ಕೇ ಡೌಟು" ಎಂದರು.

ಮನೆಯಲ್ಲೂ ಇದೇ ಪಾಡು. "ಬರೆಯೋದು ಒಂದೇ ಕೈ. ಇಷ್ಟು ಪೆನ್ನು ಯಾಕ?" ಎಂದು ನಮ್ಮ ಯಜಮಾನರು ಒಮ್ಮೆ ಕೇಳಿದರು. "ಇರೋದು ಒಂದೇ ತಲೆ. ಅಷ್ಟು ಬಾಚಣಿಗೆ ಯಾಕ? ಅದೂ ಕೂದಲಿಲ್ಲದ ತಲೆಗೆ?" ಎಂದೆ. ಆಮೇಲೆ ಅವರು ಆ ಮಾತು ಎತ್ತಿಲ್ಲ. ಭಾನುವಾರ ಪೆನ್ನುಗಳನ್ನೆಲ್ಲ ತೊಳೆದು, ಬೆರಳಿಗೆ ನೀಲಿ ಮೆತ್ತಿಕೊಂಡು ಊಟಕ್ಕೆ ಬಡಿಸಲು ಹೋದರೆ ನಮ್ಮ ಅತ್ತೆಯವರು ನನ್ನ ಬೆರಳನ್ನೇ ನೋಡುತ್ತಾರೆ. "ಮತ್ತೆ ಎಲೆಕ್ಷನ್ ಬಂತೇನವ್ವಾ? ನನ್ನ ಬಿಟ್ಟು ಓಟು ಹಾಕಿ ಬಂದ್ಯಾ?"

ನೋಟುಬುಕ್ಕಿನ ಕಥೆ ಬೇರೆಯೇ. ಒಳ್ಳೆಯ ನೋಟುಬುಕ್ಕು ಕಂಡರೆ ಕೊಳ್ಳದೆ ಬರಲು ನನ್ನಿಂದಾಗದು. ಕೊಂಡ ಮೇಲೆ ಅದರಲ್ಲಿ ಬರೆಯಲೂ ಆಗದು. ಅಂಥ ಕಾಗದಕ್ಕೆ ತಕ್ಕ ವಾಕ್ಯ ನನ್ನ ತಲೆಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟುವವರೆಗೆ ಹಾಲು, ಸೊಪ್ಪು, ಗ್ಯಾಸ್ ಸಿಲಿಂಡರಿನ ಲೆಕ್ಕವೆಲ್ಲ ಕ್ಯಾಲೆಂಡರಿನ ಹಿಂಬದಿಗೆ. ಅಂಗಡಿಯಲ್ಲಿ ನಾನು ಸುಮ್ಮನೆ ಪುಟ ತಿರುವಿ ನೋಡುವವಳೂ ಅಲ್ಲ. ಕೊನೆಯ ಹಾಳೆಯ ಮೂಲೆಗೆ ಒಂದು ಗೀರು ಎಳೆದು, ಶಾಯಿ ಹಿಂಬದಿಗೆ ಇಳಿಯುತ್ತದೆಯೋ ಎಂದು ನೋಡಬೇಕು. ದಾವಣಗೆರೆಯ ಅಂಗಡಿಯವರೊಬ್ಬರು ಇದನ್ನು ಬಹಳ ಕಾಲ ಸಹಿಸಿಕೊಂಡರು. ಕೊನೆಗೆ, "ಅಕ್ಕಾರೆ, ಬುಕ್ಕಿಗೆ ಇಂಕು ಹಾಕಿ ನೋಡ್ತೀರಿ. ಸೀರೆ ಅಂಗಡಿಗೆ ಹೋದ್ರೆ ಸಾರು ಹಾಕಿ ನೋಡ್ತೀರೇನ್ರಿ?" ಎಂದು ಕೇಳಿದರು. ಎರಡು ಬುಕ್ಕು ಕೊಂಡು ಬಂದೆ.

ಇಂಥ ನನಗೆ ಒಂದು ದಿನ ನನ್ನ ತಮ್ಮ ಫೋನು ಮಾಡಿ, "ಅಕ್ಕಾ, ಮಗಳ ಲಗ್ನಪತ್ರಿಕೆ ನೀನೇ ಬರೀಬೇಕಂತೆ. ಅವಳದೇ ಹಟ" ಎಂದ. ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಇಡೀ ಬಳಗದಲ್ಲಿ ನನ್ನ ಪೆನ್ನಿಗೆ ಒಂದು ಕೆಲಸ ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಆ ಮದುವೆ ಸಲೀಸಾಗಿ ಕೂಡಿಬಂದದ್ದಲ್ಲ. ಹುಡುಗ ಹರಿಹರದವನು. ಇಬ್ಬರೂ ಒಂದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಅಲ್ಲೇ ಮೆಚ್ಚಿಕೊಂಡವರು. ಎರಡೂ ಕಡೆಯವರು ಅಳೆದೂ ಸುರಿದೂ ಒಪ್ಪಿದ್ದರು. ಪೂರ್ತಿ ಒಪ್ಪದೆ ಉಳಿದವರು ಹುಡುಗನ ಸೋದರಮಾವ ಒಬ್ಬರೇ. ಮಲೆಬೆನ್ನೂರಿನಲ್ಲಿ ಅಕ್ಕಿ ಗಿರಣಿ ಇಟ್ಟವರು, ದೊಡ್ಡ ದನಿ, ದೊಡ್ಡ ಮೀಸೆ. ಹುಡುಗಿಯ ನಕ್ಷತ್ರ ಸರಿಯಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಅವರ ಮಾತು ಮೀರಿ ಆ ಮನೆಯಲ್ಲಿ ಹುಲ್ಲುಕಡ್ಡಿ ಅಲುಗುವುದಿಲ್ಲ. ನಮ್ಮ ಹುಡುಗಿ ಮಾತ್ರ, ಲಗ್ನಪತ್ರಿಕೆ ಬರೆದು ಎರಡೂ ಕಡೆಯ ಹಿರಿಯರ ಸಹಿ ಆಗುವವರೆಗೂ ನನಗೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು.

ನನಗೂ ನಿದ್ದೆ ಬರಲಿಲ್ಲ, ಯಾವ ಶಾಯಿ ಎಂಬ ಚಿಂತೆಗೆ. ಕಪ್ಪು ಶುಭಕಾರ್ಯಕ್ಕೆ ಆಗದು. ಕೆಂಪಿನಲ್ಲಿ ಬರೆದರೆ ಮೇಷ್ಟ್ರು ತಪ್ಪು ಹಾಕಿದ ಹಾಗೆ. ಹಸಿರು ಗೆಜೆಟೆಡ್ ಆಫೀಸರರ ಪಾಲು. ಮಾಮೂಲಿ ನೀಲಿಯಲ್ಲಿ ಬರೆಯಲು ಅದೇನು ಬ್ಯಾಂಕಿನ ಚಲನ್ನೇ? ಕೊನೆಗೆ ನವಿಲಿನ ಕತ್ತಿನ ಬಣ್ಣಕ್ಕೆ ಮನಸ್ಸು ನಿಂತಿತು. ಕಾಗದ ನನ್ನದೇ, ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಕಾದಿಟ್ಟಿದ್ದ ಕೆನೆಬಣ್ಣದ ದಪ್ಪ ಹಾಳೆ. ಪೆನ್ನು ನನ್ನ ಹೊಟ್ಟೆ ಉಬ್ಬಿದ ಕಂದು ಪೆನ್ನು. ವರ್ಷಗಟ್ಟಲೆ ಬರೆದು ಬರೆದು ಅದರ ನಿಬ್ಬು ನನ್ನ ಕೈಗೆ ಪಳಗಿ, ಕಾಗದದ ಮೇಲೆ ತಾನಾಗಿ ಹರಿದಾಡುತ್ತಿತ್ತು.

ಶಾಸ್ತ್ರ ಹರಿಹರದಲ್ಲಿ ಹುಡುಗನ ಮನೆಯಲ್ಲೇ. ಹುಡುಗಿಯನ್ನೂ ಕರೆದುಕೊಂಡು ನಾವೆಲ್ಲ ಹೋದ ಕೂಡಲೇ "ಬರ್ರಿ, ಕೂಡ್ರಿ" ಎಂದು ತಿಂಡಿ ತಂದಿಟ್ಟರು. ಶಿರಾ, ಮಂಡಕ್ಕಿ, ಅದರ ಮೇಲೆ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ. ನಾನು ಬಜ್ಜಿ ಮುಟ್ಟಲಿಲ್ಲ. ಬರೆಯುವ ಕೈ ನೋಡಿ! ಸೋಪು ಹಚ್ಚಿ ತೊಳೆದು, ಸೆರಗಿಗೆ ಒರೆಸಿ, ಹಾಳೆಯನ್ನು ಮಣೆಯ ಮೇಲೆ ಹರಡಿದೆ. ತಿಂಡಿ ಮುಗಿಸಿದ ಸೋದರಮಾವ ಹತ್ತಿರ ಬಂದರು. "ಎಂಥ ದಪ್ಪ ಐತ್ರೀ ಪೇಪರು!" ಎಂದು ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಭತ್ತದ ಕಾಳು ಹೊಸಕಿ ನೋಡುವ ಹಾಗೆ ಹೊಸಕಿ ನೋಡಿದರು. ನನ್ನ ಕಾಗದವನ್ನು ಹೊಗಳಿದ ಮೊದಲ ಮನುಷ್ಯ! ಹಿಗ್ಗಿನಲ್ಲಿ ಅವರ ಕೈ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಮಂತ್ರ ಹೇಳಿ ಒಂದೊಂದೇ ಸಾಲು ಹೇಳಿಕೊಟ್ಟರು. ನಾನು ಬರೆಯುತ್ತ ಹೋದೆ. ಮೇಲೆ ಶ್ರೀ, ಆಮೇಲೆ ಮನೆದೇವರು, ವರನ ಹೆಸರು, ಎಲ್ಲವೂ ನೀಟಾಗಿ ಬಂತು. ಚಿ. ಕುಂ. ಸೌ. ಎಂದು ಬರೆದು, ಹುಡುಗಿಯ ಹೆಸರಿನ ಮೊದಲ ಅಕ್ಷರಕ್ಕೆ ನಿಬ್ಬು ಇಟ್ಟೆ. ಅಕ್ಷರ ಮೂಡಲಿಲ್ಲ. ಪೆನ್ನು ಕೊಡವಿ ಇನ್ನೊಮ್ಮೆ ಎಳೆದೆ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಶಾಯಿ ಸಣ್ಣ ಹನಿಯಾಗಿ ಸರಿದು ಹೋಯಿತೇ ಹೊರತು ಕಾಗದಕ್ಕೆ ಹತ್ತಲಿಲ್ಲ.

"ಯಾಕ್ರಿ?" ಎಂದರು ಸೋದರಮಾವ. ಬಗ್ಗಿ ನೋಡಿದರು. "ಹುಡುಗನ ಹೆಸರು ಬಂತು, ಹುಡುಗಿ ಹೆಸರು ಮೂಡ್ತಾ ಇಲ್ಲಲ್ರೀ!"

ಪಡಸಾಲೆಯಲ್ಲಿ ಯಾರೋ ಹೆಂಗಸು "ಶಿವ ಶಿವಾ" ಎಂದರು. ಹುಡುಗನ ತಾಯಿ ತಮ್ಮ ಅಣ್ಣನ ಮುಖ ನೋಡಿದರು. "ನಾನು ಮೊದ್ಲೇ ಹೇಳಿದ್ದೆ, ಈ ಕೂಟ ಬ್ಯಾಡ ಅಂತ. ಇದನ್ನ ಇಲ್ಲಿಗೇ ನಿಲ್ಸಿ, ಇನ್ನೊಂದ್ ಸಲ ಕೂತು ಮಾತಾಡಾನ" ಎನ್ನುತ್ತ ಸೋದರಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡರು. ಬಾಗಿಲ ಬಳಿ ನಿಂತಿದ್ದ ನಮ್ಮ ಹುಡುಗಿಯ ಮುಖ ಸುಣ್ಣದಂತಾಯಿತು. ಅವಳ ಮದುವೆ ನನ್ನ ಹುಚ್ಚಿನಿಂದ ಮುರಿದು ಬೀಳುವುದರಲ್ಲಿತ್ತು. ಸಂತೆಯ ಬಾಲ್ ಪೆನ್ನಾಗಿದ್ದರೆ ಎಣ್ಣೆ, ನೀರು, ನಕ್ಷತ್ರ ಯಾವುದಕ್ಕೂ ಜಗ್ಗದೆ ಬರೆದುಕೊಂಡು ಹೋಗುತ್ತಿತ್ತು.

ಎಣ್ಣೆ! ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದೆ. ಹುಡುಗಿಯ ಹೆಸರು ಬರಬೇಕಾದ ಜಾಗದಲ್ಲೇ ಒಂದು ದೊಡ್ಡ ಹೆಬ್ಬೆರಳಿನ ಜಿಡ್ಡು ನಿಚ್ಚಳವಾಗಿ ಹೊಳೆಯುತ್ತಿತ್ತು. ಮಲೆಬೆನ್ನೂರಿನ ಹೆಬ್ಬೆರಳು, ಹರಿಹರದ ಬಜ್ಜಿ.

ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಆದರೆ ತುಂಬಿದ ಮನೆಯಲ್ಲಿ ಬೀಗರ ಕಡೆಯ ಹಿರಿಯರಿಗೆ, ನೀವು ಬಜ್ಜಿ ತಿಂದು ಕೈ ತೊಳೆದಿಲ್ಲ ಎಂದು ಹೇಳುವುದುಂಟೇ? ಅವರ ಮಾನವೂ ಹೋಗುತ್ತದೆ, ಹುಡುಗಿಯ ಮದುವೆಯೂ ಹೋಗುತ್ತದೆ. ಜಿಡ್ಡು ಹೀರಲು ಪುಡಿ ಬೇಕು. ಮುಖಕ್ಕೆ ಹಚ್ಚುವ ಪೌಡರಾದರೂ ನಡೆಯುತ್ತಿತ್ತು; ಆದರೆ ಲಗ್ನಪತ್ರಿಕೆಗೆ ಪೌಡರ್ ತನ್ನಿ ಎಂದರೆ ನನ್ನನ್ನು ಮೊದಲು ಆಸ್ಪತ್ರೆಗೆ ಕಳಿಸುತ್ತಿದ್ದರು. ಆಗ ಅಯ್ಯನವರ ತಟ್ಟೆಯಲ್ಲಿ ವಿಭೂತಿ ಗಟ್ಟಿ ಕಂಡಿತು.

"ಅಯ್ಯಾರೆ, ಸ್ವಲ್ಪ ವಿಭೂತಿ ಕೊಡ್ರಿ" ಎಂದೆ. ಗಟ್ಟಿಯನ್ನು ಉಗುರಿನಿಂದ ಕೆರೆದು, ಆ ಜಾಗಕ್ಕೆ ಪುಡಿ ಉದುರಿಸಿ, ಮೆಲ್ಲಗೆ ಸವರಿದೆ. ಎಣ್ಣೆ ಹೀರಿಕೊಳ್ಳಲು ಸ್ವಲ್ಪ ಹೊತ್ತು ಬೇಕಲ್ಲ, ಕಣ್ಣು ಮುಚ್ಚಿ ಕೂತೆ. ಪ್ರಾರ್ಥನೆ ಎಂದು ತಿಳಿದು ಎಲ್ಲರೂ ಕೈ ಮುಗಿದರು. ಅಯ್ಯನವರು ತಾವಾಗಿಯೇ ಒಂದು ಮಂತ್ರ ಶುರು ಮಾಡಿದರು. ಒಂದು ಸಲ ಸಾಲದೆಂದು ಮತ್ತೊಮ್ಮೆ ಪುಡಿ ಹಾಕಿದೆ. ಅವರೂ ಇನ್ನೊಂದು ಮಂತ್ರ ಹೇಳಿದರು. ಆಮೇಲೆ ಹಾಳೆ ಕೊಡವಿ, ಉಸಿರು ಬಿಗಿಹಿಡಿದು ನಿಬ್ಬು ಇಟ್ಟೆ. ಶಾಯಿ ಹತ್ತಿತು. ನವಿಲು ಬಣ್ಣದಲ್ಲಿ ಅವಳ ಹೆಸರು ಪೂರ್ತಿ ಮೂಡಿತು.

ಸೋದರಮಾವ ಕೈ ಜೋಡಿಸಿಯೇ ನಿಂತಿದ್ದರು. "ಎಂಥ ವಿಘ್ನ ಇತ್ತೋ ಏನೋ, ಶಿವನೇ ಕಳೆದ. ಇನ್ನ ನನ್ನದೇನೂ ತಕರಾರಿಲ್ಲ" ಎಂದರು. ಎಲ್ಲರ ಮುಖ ಅರಳಿತು. ಕಾಗದ, ಜಿಡ್ಡು, ಶಾಯಿ ಇವುಗಳ ಬಗ್ಗೆ ಒಂದು ಗಂಟೆ ಭಾಷಣ ಮಾಡಬಲ್ಲ ನಾನು ತುಟಿ ಕಚ್ಚಿ ಕೂತೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹಿರಿಯರು ಸಹಿ ಹಾಕಬೇಕಿತ್ತು. ತಮ್ಮ ತನ್ನ ಜೇಬಿನ ಬಾಲ್ ಪೆನ್ನು ಚಾಚಿದ. ಸೋದರಮಾವ ಅದನ್ನು ತಳ್ಳಿ, "ಬ್ಯಾಡ್ರಿ, ನನ್ ಸಹಿನೂ ಅಕ್ಕಾರ ಪೆನ್ನಿನಾಗೇ ಆಗ್ಬೇಕು" ಎಂದು ನನ್ನ ಕಡೆ ಕೈ ಚಾಚಿದರು. ಇಂಕ್ ಪೆನ್ನು ಬಳಸುವವರು ಬೇಕಾದರೆ ಹಲ್ಲುಜ್ಜುವ ಬ್ರಷ್ಷು ಕೊಟ್ಟಾರು, ಪೆನ್ನು ಕೊಡುವುದಿಲ್ಲ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕೊಟ್ಟೆ.

ಅವರು ನಿಬ್ಬು ಬೋರಲು ಹಿಡಿದರು. ಬರೆಯಲಿಲ್ಲ. ಗಿರಣಿಯ ಬಿಲ್ಲಿಗೆ ಕಾರ್ಬನ್ ಇಟ್ಟು ಬರೆದ ಕೈ, ಒತ್ತಿ ಬರೆದರು. ಆಗಲೂ ಬರೆಯಲಿಲ್ಲ. ಉಸಿರು ಕಟ್ಟಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿದರು. ಟಿಕ್ ಎಂದಿತು. ನಿಬ್ಬಿನ ಎರಡು ಸೀಳೂ ದಾರಿ ಬೇರೆಯಾದ ದಾಯಾದಿಗಳಂತೆ ಅತ್ತಿತ್ತ ತಿರುಗಿಕೊಂಡವು. ಆ ಸಂದಿನಿಂದ ಧಾರಾಳವಾಗಿ ಶಾಯಿ ಸುರಿದು, ಅಂಗೈಯಗಲದ ಭರ್ಜರಿ ಸಹಿ ಬಿತ್ತು. "ಹೆಂಗೆ ಬಂತ್ರಿ?" ಎಂದರು.

"ಚೆನ್ನಾಗಿ ಬಂತ್ರಿ" ಎಂದೆ. ಕಣ್ಣಿನಲ್ಲಿ ನೀರು ದಳದಳ ಇಳಿಯಿತು.

"ಸೋದರತ್ತೆ ಕರುಳು ನೋಡ್ರಿ" ಎಂದರು ಹೆಂಗಸರು. ನನ್ನನ್ನು ನೋಡಿ ತಮ್ಮನ ಹೆಂಡತಿ ಅತ್ತಳು, ಅವಳನ್ನು ನೋಡಿ ಬೀಗತಿ ಅತ್ತರು, ಕೊನೆಗೆ ಸೋದರಮಾವನೂ ಟವೆಲ್ಲಿನಲ್ಲಿ ಕಣ್ಣು ಒತ್ತಿಕೊಂಡರು. ನನ್ನ ಒಂದು ನಿಬ್ಬಿಗಾಗಿ ಇಡೀ ಪಡಸಾಲೆ ಅಳುತ್ತಿತ್ತು, ಯಾರಿಗೂ ಗೊತ್ತಿಲ್ಲದೆ.

ಹುಡುಗಿ ಬಂದು ತಬ್ಬಿಕೊಂಡಳು. "ಅಳಬ್ಯಾಡ ಅತ್ತೆ. ಹರಿಹರ ಏನ್ ದೂರ ಐತೆ?" ಎಂದಳು. ನಿನಗಲ್ಲ ಕಣೇ, ನಿಬ್ಬಿಗೆ ಎಂದು ಕಿವಿಯಲ್ಲಿ ಹೇಳಿಬಿಡಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಪತ್ರಿಕೆಯ ಕಡೆ ಬಗ್ಗಿ ತನ್ನ ಹೆಸರಿನ ಮೇಲೆ ಬೆರಳಿಟ್ಟಳು. ಶಾಯಿ ಇನ್ನೂ ಹಸಿಯಾಗಿತ್ತು, ಬೆರಳ ತುದಿ ನೀಲಿಯಾಯಿತು. ಅದನ್ನು ಒರೆಸಿಕೊಳ್ಳದೆ, "ನನ್ನ ಹೆಸರು ಇಷ್ಟು ಚೆಂದ ಐತೆ ಅಂತ ನಂಗೇ ಗೊತ್ತಿರ್ಲಿಲ್ಲ" ಎಂದಳು.

ಅಲ್ಲಿಂದ ಮುಂದೆ ನಾನು ಅತ್ತದ್ದು ನಿಬ್ಬಿಗಲ್ಲ.